ಕೊನೆಯ ಅರ್ಧ ಗಂಟೆ

ಜೂನ್ 9, ಭಾನುವಾರ

ಈ ನೋಟ್‌ಬುಕ್ಕಿನಲ್ಲಿ ಸಿನಿಮಾ ಮತ್ತು ಕ್ಯಾಸೆಟ್ಟುಗಳ ಬಗ್ಗೆ ಮಾತ್ರ ಬರೆಯುವುದು. ಇದುವರೆಗೆ ಬರೆಯುವ ಅಗತ್ಯ ಬಿದ್ದಿರಲಿಲ್ಲ. ಸಿನಿಮಾದ ಬಗ್ಗೆ ಮಾತಾಡಲು ಮನೆಯಲ್ಲಿ ಹೆಂಡತಿ ಸುಮಿತಾ ಇದ್ದಳು, ಹಾಡಿನ ಬಗ್ಗೆ ಜಗಳವಾಡಲು ಮುಂಡಗೋಡಿನಲ್ಲಿ ಅವಳ ಅಕ್ಕ ನಿರ್ಮಲಾ ಇದ್ದಳು. ನಿರ್ಮಲಕ್ಕ ಮೇ ಹದಿನೆಂಟಕ್ಕೆ ತೀರಿಕೊಂಡಳು. ಸುಮಿತಾ ಅಲ್ಲಿಂದ ಇನ್ನೂ ಬಂದಿಲ್ಲ. ಅವಳು ಕಲಿಸುವ ಕೋಗಿಲಬನದ ಶಾಲೆ ಶುರುವಾಗಿ ಹತ್ತು ದಿನವಾಯಿತು, ರಜೆ ಹಾಕಿದ್ದಾಳೆ.

ಇವತ್ತು ಮೊಬೈಲಿನಲ್ಲಿ ನೋಡಿದ್ದು ‘ಸೇಡಿನ ಸೆರಗು’. ತೊಂಬತ್ತೊಂದರ ಚಿತ್ರ. ಆಗ ದಾಂಡೇಲಿಯ ಟಾಕೀಸಿನಲ್ಲಿ ಮೂರು ಗಂಟೆಯ ಆಟಕ್ಕೆ ನೋಡಿದ್ದೆ. ಎಂದಿನಂತೆ ಐದೂ ಹತ್ತಕ್ಕೆ ಎದ್ದು ಬಂದಿದ್ದೆ. ಅಪ್ಪನ ಕಿರಾಣಿ ಅಂಗಡಿ, ನಮ್ಮ ಮನೆ ಎರಡೂ ಕುಂಬಾರವಾಡದಲ್ಲಿದ್ದವು. ಅಲ್ಲಿಗೆ ಕೊನೆಯ ಬಸ್ಸು ಐದೂ ಇಪ್ಪತ್ತಕ್ಕೆ. ತಪ್ಪಿದರೆ ಮುಂದೆ ಬರೀ ಕಾಡು. ಹೀಗಾಗಿ ಕಾಲೇಜಿನ ಮೂರು ವರ್ಷ ನಾನು ಯಾವ ಚಿತ್ರದ ಕೊನೆಯ ಅರ್ಧ ಗಂಟೆಯನ್ನೂ ನೋಡಿದವನಲ್ಲ. ಒಮ್ಮೆ ತರಗತಿಯಲ್ಲಿ ಇದನ್ನೇ ಯಾರಿಗೋ ಹೇಳಿ ಗೊಣಗುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿ ತಿರುಗಿ, “ಕಡೀಗೆ ಏನಾತು ನಾ ಹೇಳ್ಲೇನು?” ಅಂದಳು. ಅವಳೇ ಸುಮಿತಾ. ಆಮೇಲೆ ಪ್ರತಿ ಸೋಮವಾರ ಕಾಲೇಜಿನ ನೀರಿನ ಟಾಂಕಿಯ ಹತ್ತಿರ ನಿಂತು ಅವಳು ಕೊನೆ ಹೇಳುವುದು, ನಾನು ಕೇಳುವುದು ನಡೆಯಿತು. ಮದುವೆಯಾದದ್ದು ಅದರ ಮುಂದುವರಿಕೆ.

ಅವಳು ಹೇಳಿದ ಕೊನೆ ಹೀಗಿತ್ತು. ಸೇಡು ತೀರಿಸಿಕೊಳ್ಳಲು ಹನ್ನೆರಡು ವರ್ಷ ಕಾದ ತಂಗಿಯ ಮನೆ ಬಾಗಿಲಿಗೆ ಅಣ್ಣ ಕಡೆಗೂ ಬಂದು ನಿಲ್ಲುತ್ತಾನೆ. ಅವಳ ಕೈಯಲ್ಲಿ ಬಂದೂಕಿದೆ. ಅವಳು “ಮೊದಲ ಊಟಾ ಮಾಡು” ಅನ್ನುತ್ತಾಳೆ. ಅವನು ಉಣ್ಣುತ್ತಾನೆ. ಅವಳು ಎದುರಿಗೆ ಕೂತು ನೋಡುತ್ತಾಳೆ. ಅಲ್ಲಿಗೆ ಮುಗಿಯಿತು. ಈ ಊಟದ ದೃಶ್ಯಕ್ಕಾಗಿಯೇ ಮೂವತ್ತಮೂರು ವರ್ಷ ನಾನು ಈ ಚಿತ್ರವನ್ನು ಎಲ್ಲರೆದುರು ಹೊಗಳಿದ್ದೇನೆ.

ಮೊಬೈಲಿನಲ್ಲಿ ಆ ದೃಶ್ಯವಿಲ್ಲ. ಅವಳು ಮೂರು ಗುಂಡು ಹೊಡೆಯುತ್ತಾಳೆ. ಜೀಪು ಬರುತ್ತದೆ. ಇನ್‌ಸ್ಪೆಕ್ಟರು ಕಾನೂನಿನ ಬಗ್ಗೆ ಮಾತಾಡುತ್ತಾನೆ. ಶುಭಂ. ಯಾರೋ ಕತ್ತರಿಸಿ ಹಾಕಿರಬೇಕು.

ನಾನು ದಾಂಡೇಲಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್, ಬಸ್ಸುಗಳನ್ನು ವೇಳೆಗೆ ಬಿಡುವವನು. ನಕ್ಷತ್ರ ಕೊಡುವುದು ಗೊತ್ತಿಲ್ಲ. ಒಂದು ಚಿತ್ರದ ಸಲುವಾಗಿ ಬಸ್ಸನ್ನು ಎಷ್ಟು ನಿಮಿಷ ನಿಲ್ಲಿಸಿಕೊಳ್ಳಬಹುದು ಎಂಬುದೇ ನನ್ನ ಅಳತೆ. ಊಟದ ದೃಶ್ಯವಿದ್ದರೆ ಹದಿನೈದು ನಿಮಿಷ. ಇವತ್ತು ನೋಡಿದ್ದಕ್ಕೆ ಸೊನ್ನೆ.

ಜೂನ್ 11, ಮಂಗಳವಾರ

ಸುಮಿತಾ ಫೋನ್ ಮಾಡಿದ್ದಳು.

“ವರ್ಗಾವಣೆಗೆ ಅರ್ಜಿ ಹಾಕೇನಿ. ಜುಲೈ ಹದಿನಾರಕ್ಕ ಶಿರಸಿಯೊಳಗ ಕೌನ್ಸೆಲಿಂಗ್ ಐತಿ. ಮುಂಡಗೋಡ ತಾಲೂಕಿನ್ಯಾಗ ಜಾಗಾ ಇದ್ರ ತಗೋತೇನಿ.”

“ಕೋಗಿಲಬನದ ಸಾಲಿ?”

“ಬ್ಯಾರೆ ಯಾರರ ಬರ್ತಾರ.”

“ಮನಿ?”

“ನೀವು ಬಂದ್ ಹೋಗಿ ಮಾಡ್ರಿ. ಬರೂದು, ಹೋಗೂದು ನಿಮಗ ರೂಢಿ ಐತೆಲ್ಲ.”

ಅವಳೇ ಮುಂದುವರಿದು, “ಅವತ್ತಿನಿಂದ ನೀವು ನನ್ನನ್ನ ಒಂದ ಮಾತು ಕೇಳಿಲ್ಲ. ಇವತ್ತ ಕೇಳ್ತಾರ, ನಾಳೆ ಕೇಳ್ತಾರ ಅಂತ ಕಾದೆ,” ಅಂದಳು.

“ಯಾವ ಮಾತು?”

“ಅದನ್ನೂ ನಾನಽ ಹೇಳ್ಬೇಕೇನು? ಒಲಿ ಮ್ಯಾಲ ಹಾಲ ಐತಿ, ಇಡ್ತೇನಿ.”

ಅವತ್ತು ಅಂದರೆ ಮೇ ಹದಿನೆಂಟು. ಹುಬ್ಬಳ್ಳಿಯ ಆಸ್ಪತ್ರೆಯವರು ನಿರ್ಮಲಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ನಾವಿಬ್ಬರೂ ಮುಂಡಗೋಡಿನಲ್ಲಿ ಅವಳ ಗಂಡ ಮಲ್ಲೇಶನ ಮನೆಯಲ್ಲೇ ಇದ್ದೆವು. ಮರುದಿನ ಬೆಳಿಗ್ಗೆ ಆರಕ್ಕೆ ನನಗೆ ಡ್ಯೂಟಿ. ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಬಸ್ಸು ಯಲ್ಲಾಪುರ ದಾಟುವ ಹೊತ್ತಿಗೆ ಸುದ್ದಿ ಬಂತು. ಮರುದಿನ ರಜೆ ಹಾಕಿ ಮಣ್ಣಿಗೆ ಹೋದೆ. ಹನ್ನೊಂದನೇ ದಿನದ ಶಿವಗಣಾರಾಧನೆಗೂ ಹೋಗಿದ್ದೆ. ಕೊನೆಯ ಪಂಕ್ತಿ ಏಳುವ ಮೊದಲು ಬಸ್ಸಿತ್ತು.

ಇದಕ್ಕೂ ಸಿನಿಮಾಕ್ಕೂ ಸಂಬಂಧವಿಲ್ಲ. ಇಲ್ಲಿ ಬರೆಯಬಾರದಿತ್ತು.

ಜೂನ್ 14, ಶುಕ್ರವಾರ

ಕ್ಯಾಸೆಟ್ಟು: ‘ಸಂಜಿ ಹಾದಿ’, ಭಾವಗೀತೆಗಳು, ತೊಂಬತ್ಮೂರು.

ಎ ಬದಿ ಶ್ರೇಷ್ಠ. ಮೊದಲ ಹಾಡಿನಲ್ಲಿ ಹಾರ್ಮೋನಿಯಂ ಒಂದೇ ಇದೆ, ತಬಲಾ ಎರಡನೇ ಚರಣಕ್ಕೆ ಬರುತ್ತದೆ, ಅಷ್ಟು ಹೊತ್ತು ಕಾಯಿಸುವ ಧೈರ್ಯ ಈಗಿನವರಿಗಿಲ್ಲ. ಮೂರನೆಯ ಹಾಡಿಗೆ ಪಿಟೀಲು ಹೆಚ್ಚಾಯಿತು. ಬಿ ಬದಿ ಬರೀ ಅಳು. ಇದು ನನ್ನ ಅಭಿಪ್ರಾಯ.

ನಿರ್ಮಲಕ್ಕನ ಅಭಿಪ್ರಾಯ ಇದಕ್ಕೆ ಉಲ್ಟಾ. “ಎ ಬದಿ ಮಂದಿ ಕೊಳ್ಳಲಿ ಅಂತ ಹಾಡ್ಯಾರ. ಬಿ ಬದಿ ತಮಗ ಹಾಡಿಕೊಂಡಾರ,” ಅನ್ನುತ್ತಿದ್ದಳು. ಈ ಜಗಳ ಇಪ್ಪತ್ತೈದು ವರ್ಷ ನಡೆಯಿತು. ಹಬ್ಬಕ್ಕೆ ಹೋದರೆ ಚಾ ಕೊಡುವ ಮೊದಲೇ ಶುರು ಮಾಡುತ್ತಿದ್ದಳು. “ಬರ್ರಿ ಕಂಟ್ರೋಲರ್ ಸಾಹೇಬ್ರ. ಎ ಬದಿ ಸಾಹೇಬ್ರ.”

ಅವಳಲ್ಲಿದ್ದದ್ದು ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟ ಪ್ರತಿ. ಅರವತ್ತು ನಿಮಿಷದ ಟೇಪು. ಮೂಲ ಅದಕ್ಕಿಂತ ಉದ್ದವಿತ್ತು. ಬಿ ಬದಿಯ ಕೊನೆಯ ಹಾಡು “ದೀಪ” ಎಂಬ ಶಬ್ದದ ಮಧ್ಯದಲ್ಲೇ ಕಟ್ಟಾಗುತ್ತಿತ್ತು. ನಿರ್ಮಲಕ್ಕ ಅದನ್ನು ಹಾಗೇ ಕಲಿತಳು. ರೊಟ್ಟಿ ಬಡಿಯುತ್ತ ಹಾಡುವಾಗಲೂ “ದೀ” ಎಂದು ನಿಲ್ಲಿಸಿ, ಮುಂದಿನ ರೊಟ್ಟಿಗೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹಾಡು ಪೂರ್ತಿ ಇರುವ ಕ್ಯಾಸೆಟ್ಟು ತಂದುಕೊಡುತ್ತೇನೆ ಅಂದರೆ ಬೇಡ ಅಂದಿದ್ದಳು.

ಎ ಬದಿಗೆ ಹತ್ತು ನಿಮಿಷ. ಬಿ ಬದಿಗೆ ಎರಡು.

ಜೂನ್ 18, ಮಂಗಳವಾರ

‘ಹಳೇ ಸ್ಟೇಷನ್ನಿನ ಹುಡುಗಿ’. ನನ್ನ ಮಟ್ಟಿಗೆ ಇದು ನಮ್ಮಲ್ಲಿ ಬಂದ ಅತ್ಯಂತ ಸಂಯಮದ ಚಿತ್ರ. ಯಾರಾದರೂ ಸಿನಿಮಾ ಎಂದರೇನು ಎಂದು ಕೇಳಿದರೆ ನಾನು ಇದರ ಕೊನೆಯನ್ನೇ ಹೇಳುತ್ತ ಬಂದಿದ್ದೇನೆ: ರೈಲು ಬರುತ್ತದೆ, ನಿಲ್ಲುತ್ತದೆ, ಯಾರೂ ಇಳಿಯುವುದಿಲ್ಲ, ಹೊರಡುತ್ತದೆ. ಹುಡುಗಿ ಮನೆಗೆ ಹೋಗಿ ಒಲೆ ಹೊತ್ತಿಸುತ್ತಾಳೆ. ಹೊಗೆ.

ಇವತ್ತು ನೋಡಿದೆ. ರೈಲಿನಿಂದ ನಾಯಕ ಇಳಿದ. ಬಿಳಿ ಪ್ಯಾಂಟು, ಬಿಳಿ ಬೂಟು. ಅವನ ಹಿಂದೆ ಬ್ಯಾಂಡಿನವರು ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಆರು ನಿಮಿಷದ ಹಾಡು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಕ್ಯಾಮೆರಾದ ಕಡೆ ಕೈಬೀಸಿದರು.

ಎರಡು ಚಿತ್ರಗಳನ್ನೂ ಯಾರೋ ಕತ್ತರಿಸಿ ಬೇರೆ ಕೊನೆ ಅಂಟಿಸಿದ್ದಾರೆ ಅನ್ನುವುದು ಕಷ್ಟ.

ಜೂನ್ 19, ಬುಧವಾರ

ಚಾಲಕ ಅಡಿವೆಯ್ಯ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ದಾಂಡೇಲಿಯಲ್ಲೇ ಹುಟ್ಟಿ ಬೆಳೆದವನು. ಆ ಕಾಲದ ಯಾವ ಚಿತ್ರವನ್ನೂ ಬಿಟ್ಟವನಲ್ಲ. ಕಂಟ್ರೋಲ್ ರೂಮಿನಲ್ಲಿ ಚಾ ಕುಡಿಯುವಾಗ ಸುಮ್ಮನೆ ಕೇಳಿದಂತೆ ಕೇಳಿದೆ.

“ಸ್ಟೇಷನ್ನಿನ ಪಿಚ್ಚರ? ನಾಕ ಸಲ ನೋಡೇನಿ. ಕಡೀಗೆ ಹೀರೋ ಇಳೀತಾನ, ಬ್ಯಾಂಡಿನವರು ಇಳೀತಾರ. ಇಷ್ಟ ಮಂದಿಗೆ ಟಿಕೀಟ ಯಾರ ತಗಸಿದ್ರಪಾ ಅಂತ ನಾ ಅವತ್ತಽ ವಿಚಾರ ಮಾಡಿದ್ದೆ.”

“ಯಾರೂ ಇಳಿಯೂದಿಲ್ಲ ಅಂತ ಸುಮಿತಾ ಹೇಳಿದ್ಲು.”

ಅಡಿವೆಯ್ಯ ಬಸಿಗೆ ಸುರುವಿಕೊಂಡಿದ್ದ ಚಾ ಮುಗಿಸಿ ಮೀಸೆ ಒರೆಸಿಕೊಂಡ. “ನಿಮ್ಮ ಮನಿಯವ್ರು ಟಾಕೀಸಿಗೆ ಯಾವಾಗ ಬಂದಿದ್ರೋ ಈರೇಶಾ? ಅಕ್ಕ ತಂಗಿ ಇಬ್ರೂ ಅವರ ಸ್ವಾದರಮಾವ ಸಿದ್ದಲಿಂಗಪ್ಪನ ಮನ್ಯಾಗ ಇದ್ದು ಕಾಲೇಜ ಕಲ್ತವ್ರು. ಆ ಮನಿ ನಮ್ಮ ಓಣ್ಯಾಗಽ ಇತ್ತು. ಆಂವ ಹುಡಿಗ್ಯಾರನ್ನ ಅಂಗಡಿಗೆ ಉಪ್ಪ ತರಾಕೂ ಒಬ್ಬೊಬ್ಬರನ್ನ ಕಳಸ್ತಿರಲಿಲ್ಲ. ಪಿಚ್ಚರಿಗೆ ಕಳಸ್ತಾನ?”

“ಅತ್ತಿ ಜೋಡಿ ಹೋಗ್ತಿದ್ರಂತ.”

“ಅವರ ಅತ್ತಿ ಟಾಕೀಸಿನ ಮುಂದ ಹಾದು ಹೋಗೂದಿದ್ರ ಸೆರಗ ಮಾರಿಗೆ ಹಾಕ್ಕೋತಿದ್ಲು. ಪೋಸ್ಟರ ಸೈತ ನೋಡಿಲ್ಲ ಆಕಿ.” ಎದ್ದು ನಿಂತು ನನ್ನ ಮುಖ ನೋಡಿದ. “ಮೂವತ್ತ ವರ್ಷ ನಿನಗ ಪುಕ್ಕಟ ಪಿಚ್ಚರ ತೋರಿಸ್ಯಾರ. ಹಲ್ಯಾಳ ಗಾಡಿ ಟೈಮ್ ಆತು, ಬೆಲ್ ಹೊಡಿ.”

ಬೆಲ್ ಹೊಡೆದೆ. ಒಂದು ನಿಮಿಷ ತಡವಾಗಿತ್ತು.

ಜೂನ್ 20, ಗುರುವಾರ

ಬೇಸರವೇನಿಲ್ಲ. ಲೆಕ್ಕ ಹಾಕಿದರೆ ಸುಮಾರು ನೂರು ಸೋಮವಾರ.

ಜೂನ್ 23, ಭಾನುವಾರ

‘ಗಡಿಯಾರದ ಮನೆ’. ಎರಡು ಗಂಟೆ ಎಂಟು ನಿಮಿಷದವರೆಗೆ ನೋಡಿ ಮೊಬೈಲ್ ಬೋರಲು ಹಾಕಿದೆ.

ಅಲ್ಲಿಯವರೆಗೆ ಏನಿದೆಯೋ ಅದು ಸಾಧಾರಣ. ಮುದುಕನೊಬ್ಬ ಸತ್ತ ಹೆಂಡತಿಯ ಗಡಿಯಾರಕ್ಕೆ ದಿನಾ ಕೀಲಿ ಕೊಡುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು. ಸುಮಿತಾ ಹೇಳಿದ ಕೊನೆಯಲ್ಲಿ ಅವನು ಒಂದು ದಿನ ಕೀಲಿ ಕೊಡುವುದನ್ನು ಮರೆತುಬಿಡುತ್ತಾನೆ. ಗಡಿಯಾರ ನಿಂತಿದೆ, ಅವನಿಗೆ ಗೊತ್ತಾಗಿಲ್ಲ, ಅಂಗಳದಲ್ಲಿ ಪಕ್ಕದ ಮನೆಯವರ ಹಪ್ಪಳ ಒಣಹಾಕಲು ನೆರವಾಗುತ್ತಿದ್ದಾನೆ. ಇದನ್ನು ಹೇಳುವಾಗ ಸುಮಿತಾಗೆ ಹತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷದ ಹುಡುಗಿಗೆ ಆ ಹಪ್ಪಳ ಎಲ್ಲಿಂದ ಸಿಕ್ಕಿತು ಎಂದು ಈಗ ಯೋಚಿಸುತ್ತಿದ್ದೇನೆ. ಆಗ ನಿರ್ದೇಶಕನನ್ನು ಮೆಚ್ಚಿಕೊಂಡಿದ್ದೆ. ಆ ನಿರ್ದೇಶಕನ ಮುಂದಿನ ಎರಡು ಚಿತ್ರಗಳಿಗೂ ಹೋಗಿದ್ದೆ.

ಉಳಿದದ್ದನ್ನು ನೋಡುವ ಅಗತ್ಯ ಕಾಣಲಿಲ್ಲ. ಇಪ್ಪತ್ತು ನಿಮಿಷ.

ಫೋನ್ ಮಾಡಿ ಕೇಳಬೇಕು ಅನ್ನಿಸಿತು. ಅವಳು ಕಾಯುತ್ತಿರುವ ಮಾತು ಇದಾಗಿರಲಾರದು. ಮಾಡಲಿಲ್ಲ.

ಜೂನ್ 30, ಭಾನುವಾರ

ನಿರ್ಮಲಕ್ಕನ ಮಗಳು ರಾಜಶ್ರೀ ಫೋನ್ ಮಾಡಿದಳು. ಬಿ.ಎಡ್. ಓದುತ್ತಿದ್ದಾಳೆ. ತಾಯಿಯ ಹಾಗೆ ನಮಸ್ಕಾರ ಗಿಮಸ್ಕಾರ ಇಲ್ಲದೆ ನಡುವಿನಿಂದ ಶುರು ಮಾಡುತ್ತಾಳೆ.

“ಕಾಕಾ, ಅವ್ವನ ಟ್ರಂಕಿನ್ಯಾಗ ನಿಮ್ಮ ಮರ್ಯಾದಿ ಸಿಕ್ಕೈತಿ.”

“ಏನಂದಿ?”

“ಸಿನಿಮಾ ಹಾಡಿನ ಪುಸ್ತಕ. ನಲವತ್ತರ ಮ್ಯಾಲ ಅದಾವು. ಫೋಟೋ ಕಳಸೇನಿ ನೋಡ್ರಿ. ಚಿಗವ್ವ ಬ್ಯಾಡ ಅಂದ್ಲು, ಅದಕ್ಕಽ ಕಳಸೇನಿ.”

ಟಾಕೀಸಿನ ಹೊರಗೆ ಮಾರುತ್ತಿದ್ದ ತೆಳ್ಳನೆಯ ಪುಸ್ತಕಗಳು. ಮೊದಲ ಪುಟದಲ್ಲಿ ನಟನಟಿಯರ ಹೆಸರು, ಒಳಗೆ ಹಾಡು, ಜೊತೆಗೆ ಅರ್ಧ ಕಥೆ. ಮುಖ್ಯವಾದ ಕಡೆಗೆ ಬಂದ ಕೂಡಲೇ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಅಚ್ಚು ಹಾಕಿರುತ್ತಿದ್ದರು. ಅಂದರೆ ನಾನು ಎದ್ದು ಬರುತ್ತಿದ್ದ ಜಾಗದಲ್ಲೇ ಈ ಪುಸ್ತಕಗಳೂ ನಿಲ್ಲುತ್ತಿದ್ದವು.

ಆ ಸಾಲಿನ ಕೆಳಗೆ, ಅಂಚುಗಳಲ್ಲಿ, ಹಿಂದಿನ ರಟ್ಟಿನ ಮೇಲೆ ಕೈಬರಹ. ಪೆನ್ಸಿಲ್ಲಿನದು ಸುಮಿತಾಳದ್ದು. ಹಸಿರು ಶಾಯಿಯದು ನಿರ್ಮಲಕ್ಕನದು. ಒಂದೊಂದು ಚಿತ್ರಕ್ಕೆ ಎರಡು, ಮೂರು ಕೊನೆಗಳು. ಕೆಲವನ್ನು ಹೊಡೆದು ಹಾಕಿದ್ದಾರೆ. ಒಂದು ಕಡೆ ಪೆನ್ಸಿಲ್ಲಿನಲ್ಲಿ, “ಮದುವಿ ಬ್ಯಾಡ, ನಂಬೂದಿಲ್ಲ ಅಂವ.” ಅದರ ಕೆಳಗೆ ಹಸಿರಿನಲ್ಲಿ, “ನಂಬ್ತಾನ. ಬಸ್ಸಿನ ಗಡಿಬಿಡಿ ಇರಾಂವ ಏನರ ನಂಬ್ತಾನ.”

‘ಸೇಡಿನ ಸೆರಗು’ ಪುಸ್ತಕವೂ ಇತ್ತು. ಊಟದ ದೃಶ್ಯ ಹಸಿರು ಶಾಯಿಯಲ್ಲಿದೆ. ಪಕ್ಕದಲ್ಲಿ ಪೆನ್ಸಿಲ್ಲು: “ಸೋಮವಾರ ಇದಽ ಹೇಳ್ತೇನಿ.” ಮೂವತ್ತಮೂರು ವರ್ಷ ನಾನು ಹೊಗಳಿದ್ದು ನಿರ್ಮಲಕ್ಕನನ್ನು. ಅವಳ ಎದುರಿಗೇ ಎಷ್ಟೋ ಸಲ ಹೊಗಳಿದ್ದೇನೆ. ಹೌದೇನ್ರಿ, ಅಷ್ಟು ಚಲೋ ಐತೇನ್ರಿ ಎಂದು ಕೇಳಿ ಇನ್ನೊಮ್ಮೆ ಹೇಳಿಸುತ್ತಿದ್ದಳು.

ರಾಜಶ್ರೀಗೆ ಮತ್ತೆ ಫೋನ್ ಮಾಡಿದೆ.

“ಯಾಕ್ ಕಾಕಾ, ಸಿಟ್ಟ ಬಂತೇನು?”

“ಇಲ್ಲ. ಚಲೋ ಬರದಾರ.”

ಅವಳು ನಗಲಿಲ್ಲ. “ಕಾಕಾ, ಒಂದ ಮಾತು. ಅವತ್ತ ನೀವು ಹೋದ ಮ್ಯಾಲ ಅವ್ವ ನಿಮ್ಮನ್ನ ಕೇಳಿದ್ಲು.”

“ಏನಂತ?”

“ನಾ ಹೇಳಂಗಿಲ್ಲ. ಚಿಗವ್ವನ್ನ ಕೇಳ್ರಿ. ಆಕಿ ಅದಕ್ಕಽ ಕುಂತಾಳ.”

ಜುಲೈ 4, ಗುರುವಾರ

ಕಚೇರಿಯಲ್ಲಿ ಬೇರೆ ಕೆಲಸಕ್ಕೆ ಹಾಜರಿ ಪುಸ್ತಕ ತೆಗೆದಿದ್ದೆ. ಮೇ 19, ಭಾನುವಾರ: ವಾರದ ರಜೆ. ಎದುರಿಗೆ ನನ್ನ ಸಹಿ. ಬೆಳಿಗ್ಗೆ ಆರರ ಡ್ಯೂಟಿ ಅವತ್ತು ನನ್ನದಲ್ಲ. ನಾನು ಯಾವ ರಜೆಯನ್ನೂ ಹಾಕಿಲ್ಲ.

ಮುಂಡಗೋಡಿನಿಂದ ಐದೂವರೆಗೂ ಒಂದು ಬಸ್ಸಿದೆ. ಅದರ ವೇಳೆ ನನಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ.

ಈ ವಾರ ಸಿನಿಮಾ ನೋಡಿಲ್ಲ.

ಜುಲೈ 8, ಸೋಮವಾರ

ಸಂಜೆಯ ಕುಂಬಾರವಾಡ ಗಾಡಿ ಹೊರಡುವಾಗ ಕಾಲೇಜಿನ ಹುಡುಗರು ನಾಲ್ಕೈದು ಜನ ದೂರದಲ್ಲಿ ಓಡಿ ಬರುತ್ತಿದ್ದರು. ನಿಲ್ಲಿಸಿದೆ. ನಾಲ್ಕು ನಿಮಿಷ. ಕಂಡಕ್ಟರ್ ಯಲ್ಲಪ್ಪ ಬಾಗಿಲಲ್ಲಿ ನಿಂತು, “ಏನ್ರಿ ಸಾಹೇಬ್ರ, ಗಡಿಯಾರ ಕೆಟ್ಟೈತೇನ್ರಿ?” ಅಂದ. ಎಲ್ಲರೂ ನಕ್ಕರು.

ಜುಲೈ 12, ಶುಕ್ರವಾರ

‘ಸಂಜಿ ಹಾದಿ’ ಬಿ ಬದಿ, ಪೂರ್ತಿ. ಯಾರೋ ಮೂಲ ಕ್ಯಾಸೆಟ್ಟಿನಿಂದಲೇ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

ಅಳು ಎಂದು ಬರೆದದ್ದು ತಪ್ಪು. ಗಾಯಕಿಯ ಗಂಟಲು ಸ್ವಲ್ಪ ಕೂತಿದೆ, ಅವತ್ತಿನ ರೆಕಾರ್ಡಿಂಗಿನ ಕೊನೆಗೆ ಹಾಡಿರಬೇಕು. ಎರಡು ಕಡೆ ಉಸಿರು ಕೇಳುತ್ತದೆ. ಕೊನೆಯ ಹಾಡಿನಲ್ಲಿ “ದೀಪ” ಆದಮೇಲೆ ಮೂರೂವರೆ ನಿಮಿಷ ಉಳಿದಿದೆ. ಅದರಲ್ಲಿ ಮಾತು ಕಡಿಮೆ. ಗಾಯಕಿ ಒಂದೇ ಸಾಲನ್ನು ಏಳು ಸಲ ಹಾಡುತ್ತಾಳೆ, ಪ್ರತಿ ಸಲ ಸ್ವಲ್ಪ ಸಣ್ಣದಾಗಿ. ಕೊನೆಯ ಸಲ ತಬಲಾದವನು ಕೈ ಎತ್ತಿಬಿಟ್ಟಿದ್ದಾನೆ, ಬರೀ ತಂಬೂರಿ.

ನಿರ್ಮಲಕ್ಕ ಇದನ್ನು ಕೇಳಿಯೇ ಇರಲಿಲ್ಲ. ಕೇಳದೆ ಸರಿಯಾಗಿ ಹೇಳಿದ್ದಳು.

ನಿಮಿಷ ಹಾಕಲು ಬರುವುದಿಲ್ಲ.

ಜುಲೈ 15, ಸೋಮವಾರ

ನಾಳೆಗೆ ರಜೆ ಹಾಕಿದ್ದೇನೆ. ಈ ಸಲ ಹಾಜರಿ ಪುಸ್ತಕದಲ್ಲಿ ಬರೆದು ಹಾಕಿದ್ದೇನೆ. ಶಿರಸಿಗೆ ಬೆಳಗಿನ ಮೊದಲ ಗಾಡಿ. ಬರುವ ಗಾಡಿಯ ವೇಳೆ ಅಡಿವೆಯ್ಯ ಕೇಳಿದ, ನಾನು ನೋಡಿಕೊಂಡಿರಲಿಲ್ಲ.

ಜುಲೈ 17, ಬುಧವಾರ

ನಿನ್ನೆಯದನ್ನು ಬರೆಯಬೇಕು.

ಕೌನ್ಸೆಲಿಂಗ್ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಒಳಗೆ ಪರದೆಯ ಮೇಲೆ ಖಾಲಿ ಜಾಗಗಳ ಪಟ್ಟಿ, ಹೊರಗೆ ಜಗಲಿಯ ಉದ್ದಕ್ಕೂ ಬೆಂಚುಗಳು. ಮೈಕಿನಲ್ಲಿ ನಂಬರ್ ಕರೆಯುತ್ತಿದ್ದರು. ಕರೆದಾಗ ಇಲ್ಲದವರ ಸರದಿ ಹೋಗುತ್ತದೆ, ಪಟ್ಟಿಯೆಲ್ಲ ಮುಗಿದ ಮೇಲೆ ಉಳಿದದ್ದರಲ್ಲಿ ಆರಿಸಿಕೊಳ್ಳಬೇಕು. ಸುಮಿತಾಳದ್ದು ನೂರಾ ಅರವತ್ಮೂರು. ನಾನು ಹೋದಾಗ ಎಪ್ಪತ್ತು ನಡೆದಿತ್ತು. ಅವಳು ಜಗಲಿಯ ತುದಿಯ ಬೆಂಚಿನಲ್ಲಿ ಕೂತಿದ್ದಳು. ತೆಳ್ಳಗಾಗಿದ್ದಾಳೆ. ಚಿಗಳ್ಳಿಯಲ್ಲಿ ಒಂದು ಜಾಗವಿದೆ, ಮುಂಡಗೋಡಿನಿಂದ ದಿನಾ ಹೋಗಿ ಬರಬಹುದು ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ನನ್ನನ್ನು ನೋಡಿ ಮಾತು ನಿಲ್ಲಿಸಿದಳು. ಪಕ್ಕದವಳು ಎದ್ದು ಜಾಗ ಕೊಟ್ಟಳು.

“ಡ್ಯೂಟಿ ಇಲ್ಲೇನು?”

“ರಜಾ ಹಾಕೇನಿ.”

“ನನ್ನ ತಡೀಲಿಕ್ಕೆ ಬಂದಿದ್ರ ಸುಮ್ನ ಬಂದ್ರಿ.”

“ತಡ್ಯಾಕ ಅಲ್ಲ. ಕೇಳಾಕ ಬಂದೇನಿ.”

“ಹಾಡಿನ ಪುಸ್ತಕದ್ದೇನು?”

“ಅಲ್ಲ.” ದಾರಿಯುದ್ದಕ್ಕೂ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ. “ಅವತ್ತ ನಾ ಹೋದ ಮ್ಯಾಲ ಏನಾತು?”

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು. ನನಗೂ ಕೊಟ್ಟಳು. ಆಮೇಲೆ ಊಟದ ಬಿಡುವಾಯಿತು, ಉಪ್ಪಿಟ್ಟು ತಂದರು, ತಿಂದೆವು. ಹೇಳುವುದಿಲ್ಲ ಎಂದುಕೊಂಡೆ. ಕೈ ತೊಳೆದು ಬಂದು ಕೂತು, ಅಂಗಳದ ಕಡೆ ನೋಡುತ್ತ ಶುರು ಮಾಡಿದಳು.

“ನೀವು ಹೋದ ಹತ್ತ ನಿಮಿಷಕ್ಕ ಅಕ್ಕ ಕಣ್ಣ ತಗದ್ಲು. ಕಂಟ್ರೋಲರ್ ಸಾಹೇಬ್ರು ಹೋದ್ರೇನು ಅಂದ್ಲು. ಇಲ್ಲವಾ, ಹೊರಗ ಕಟ್ಟಿ ಮ್ಯಾಲ ಕುಂತಾರ ಅಂದೆ.”

“ಹೋದ್ರು ಅನ್ನಬೇಕಿತ್ತು.”

“ಹೆಂಗ ಅನ್ಲಿ? ಆಕೀಗೆ ಏನೋ ಹೇಳೂದಿತ್ತು ನಿಮಗ. ಬ್ಯಾರೆ ಯಾರಿಗೂ ಅಲ್ಲ, ನಿಮಗ. ಒಳಗ ಕರಿ ಅಂದ್ಲು. ಚಾ ಪುಡಿ ತರಾಕ ಹೋಗ್ಯಾರ ಅಂದೆ. ಸ್ವಲ್ಪ ಹೊತ್ತಿನ ಮ್ಯಾಲ ಬಂದ್ರೇನು ಅಂದ್ಲು. ಅಂಗಡಿ ಬಂದ್ ಐತಂತ, ಬಸ್ ಸ್ಟ್ಯಾಂಡ್ ತನಾ ಹೋಗ್ಯಾರ ಅಂದೆ. ನಿಮಗ ಮೂರು ವರ್ಷ ಕಥಿ ಕಟ್ಟಿ ಹೇಳಿದಾಕಿ ನಾನು. ಅಷ್ಟ ಕಷ್ಟ ಎಂದೂ ಆಗಿರಲಿಲ್ಲ.”

ನಾನು ನೀರಿನ ಬಾಟಲಿಯನ್ನು ಅವಳ ಚೀಲದೊಳಗಿಟ್ಟೆ.

“ಮಲ್ಲೇಶ ಮಾಮಾ ಔಷಧಿಗೆ ಹೋಗಿದ್ರು. ನಾನೊಬ್ಬಾಕಿನಽ. ಬಾಗಲ ಕಡೆ ಮಾರಿ ಮಾಡಿ ಮಲಗಸು ಅಂದ್ಲು. ಮಲಗಿಸಿದೆ. ಬಾಗಲ ನೋಡಕೋತ ಇದ್ಲು. ನಾನೂ ನೋಡಕೋತ ಕುಂತೆ. ನನಗ ಗೊತ್ತಿತ್ತು ನೀವು ಬರಂಗಿಲ್ಲ ಅಂತ. ಆದ್ರೂ ನೋಡಿದೆ.”

ಆಗ ಮೈಕಿನಲ್ಲಿ ನೂರಾ ಅರವತ್ಮೂರು ಅಂದರು. ನನಗೆ ಕೇಳಿಸಿತು. ಇಪ್ಪತ್ತಾರು ವರ್ಷ ಮೈಕಿನಲ್ಲಿ ಕೂಗುವ ಕೆಲಸ ಮಾಡಿದವನ ಕಿವಿ. ಅವಳಿಗೆ ಕೇಳಿಸಿರಲಿಲ್ಲ. ಹೇಳದೆ ಇದ್ದರೆ ಚಿಗಳ್ಳಿ ಬೇರೆಯವರ ಪಾಲಾಗಬಹುದಿತ್ತು. ಎರಡನೇ ಸಲ ಕೂಗಿದರು.

“ಸುಮಾ, ನಿನ್ನ ನಂಬರ್.” ನಾನು ಎದ್ದು ನಿಂತೆ.

“ಕರೀಲಿ,” ಅಂದಳು. “ಕೂಡ್ರಿ ನೀವು.”

ಕೂತೆ. ಮೂರನೇ ಸಲ ಕೂಗಿ, ಮುಂದಿನ ನಂಬರಿಗೆ ಹೋದರು.

“ಐದರ ಸುಮಾರಿಗೆ ರಾಜಶ್ರೀ ಕಾಲೇಜಿನಿಂದ ಬಂದ್ಲು. ಚಪ್ಪಲಿ ಸಪ್ಪಳಾತು. ಅಕ್ಕನ ಕಣ್ಣು ಮಂಜಾಗಿದ್ವು ಆಗ. ಬಂದ್ರೇನು, ಅಂದ್ಲು. ಆ ಹುಡುಗಿಗೆ ಏನ ತಿಳೀತೋ, ಯಾರ ಹೇಳಿದ್ರೋ. ನನ್ನ ಮಾರಿ ನೋಡಿತು. ಹೂಂ ಅಂತು. ಕೂಡ್ರಿ ಸಾಹೇಬ್ರ, ಅಂದ್ಲು ಅಕ್ಕ. ರಾಜಶ್ರೀ ಕಾಟಿನ ಬಾಜೂಕ ಕುಂತ್ಲು. ಅಕ್ಕ ಬಿ ಬದಿ ಅಂದ್ಲು, ಮುಂದಿಂದು ತಿಳೀಲಿಲ್ಲ. ಆಮ್ಯಾಲೆ ಮಾತ ಇಲ್ಲ. ಕಾಲ ತಾಸಿಗೆ ಹೋದ್ಲು.”

ಅವಳು ಅತ್ತದ್ದು ಅಷ್ಟು ಹೇಳಿ ಮುಗಿಸಿದ ಮೇಲೆ, ಸ್ವಲ್ಪವೇ. ನನ್ನ ಕೈ ಅವಳ ಚೀಲದ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ ತಿಳಿಯದು.

“ಮರುದಿನ ನನಗ ಡ್ಯೂಟಿ ಇರಲಿಲ್ಲ,” ಅಂದೆ.

“ಗೊತ್ತೈತಿ.”

“ಸಾಯೂದ ನೋಡಾಕ ಆಗಂಗಿಲ್ಲ ಅಂತ ಹೋದೆ.”

“ಅದೂ ಗೊತ್ತೈತಿ. ನನಗರ ಆಗ್ತಿತ್ತೇನು?”

ಮಳೆ ಜಗಲಿಯೊಳಗೆ ಹೊಡೆಯತೊಡಗಿತು, ಬೆಂಚನ್ನು ಇಬ್ಬರೂ ಹಿಡಿದು ಗೋಡೆಯ ಕಡೆ ಸರಿಸಿದೆವು. ಜನ ಕಡಿಮೆಯಾದರು. ಶಿರಸಿಯಿಂದ ಹೊರಡುವ ಗಾಡಿಗಳ ಬಗ್ಗೆ ಯಾರೋ ಶಿಕ್ಷಕರು ನನ್ನನ್ನೇ ಕೇಳಿದರು, ಗೊತ್ತಿಲ್ಲ ಅಂದೆ.

ಐದೂ ಮುಕ್ಕಾಲಿಗೆ ಪಟ್ಟಿ ಮುಗಿದು, ತಪ್ಪಿಸಿಕೊಂಡವರನ್ನು ಮತ್ತೆ ಕರೆದರು. ಸುಮಿತಾ ಒಳಗೆ ಹೋದಳು. ತೆರೆದ ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಹೆಚ್ಚಿನ ಸಾಲುಗಳು ಕೆಂಪಾಗಿದ್ದವು. ಚಿಗಳ್ಳಿ ಇನ್ನೂ ಹಸಿರಾಗಿಯೇ ಇತ್ತು. ಅಧಿಕಾರಿ ಏನೋ ಕೇಳಿದರು. ಸುಮಿತಾ ಪರದೆಯನ್ನು ನೋಡುತ್ತ ನಿಂತಳು. ನನ್ನ ಕಡೆ ತಿರುಗಲಿಲ್ಲ. ಅಧಿಕಾರಿ ಇನ್ನೊಮ್ಮೆ ಕೇಳಿದರು. ಅವಳು ಬಗ್ಗಿ ಸಹಿ ಮಾಡಿದಳು. ನಾನು ನಿಂತಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.

ಹೊರಗೆ ಬಂದವಳು ಕೊಡೆ ಬಿಚ್ಚುತ್ತ ಮೆಟ್ಟಿಲಿಳಿದಳು. ನಾನು ಹಿಂದೆ ಹೋದೆ. ಗೇಟಿನ ಹತ್ತಿರ ಅವಳನ್ನು ಕೂಡಿಕೊಂಡೆ.

“ಏನಾತು?” ಅಂದೆ.

“ಕೋಗಿಲಬನದಾಗಽ ಇರ್ತೇನಿ ಅಂತ ಬರದ ಕೊಟ್ಟೆ,” ಅಂದಳು. “ಸಾವಕಾಶ ನಡೀರಿ. ನನ್ನ ಚಪ್ಪಲಿ ಹರದೈತಿ.”